ಕ್ಲಬ್ ಪ್ರವಾಸಕ್ಕೆ ಮೊದಲು ಬೇಕಾದದ್ದು ಆತಿಥೇಯ ತಂಡ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಹಿಂಗಾರು ಮಳೆ ಹಿಂದೆ ಸರಿಯುತ್ತಿದ್ದಂತೆ ಬೆಂಗಳೂರಿನ ಹವ್ಯಾಸಿ ಕ್ರಿಕೆಟ್ ಕ್ಲಬ್‌ಗಳಲ್ಲಿ ವಾರ್ಷಿಕ ಪ್ರವಾಸದ ಮಾತು ಶುರುವಾಗುತ್ತದೆ. ವಾರವಿಡೀ ಬ್ಯಾಂಕು, ಶಾಲೆ, ಅಂಗಡಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ಭಾನುವಾರ ಬೆಳಿಗ್ಗೆ ಮಾತ್ರ ಬಿಳಿ ಉಡುಪು ತೊಡುವ ನಮ್ಮಂಥವರಿಗೆ, ವರ್ಷಕ್ಕೊಮ್ಮೆ ಪರಊರಿಗೆ ಹೋಗಿ ಎರಡು ಪಂದ್ಯ ಆಡಿಬರುವುದು ಇಡೀ ವರ್ಷದ ಆಟಕ್ಕೆ ಗುರಿಯೊಂದನ್ನು ಕೊಡುವ ಸಂಗತಿ. ಬಸವನಗುಡಿಯ ಇಂಥದೊಂದು ಕ್ಲಬ್ಬಿನಲ್ಲಿ ಪ್ರವಾಸದ ಹೊಣೆಯನ್ನು ಹಲವು ವರ್ಷಗಳಿಂದ ಹೊತ್ತುಕೊಂಡು ಬಂದಿರುವ ನಾನು, ಈ ಪ್ರವಾಸಗಳು ಇತ್ತೀಚೆಗೆ ಹಿಡಿದಿರುವ ದಾರಿಯ ಬಗ್ಗೆ ಕೆಲವು ಮಾತುಗಳನ್ನು ನಿಮ್ಮ ಪತ್ರಿಕೆಯ ಮೂಲಕ ಬೆಂಗಳೂರಿನ ಕ್ಲಬ್‌ಗಳಿಗೂ ಜಿಲ್ಲೆಗಳ ಕ್ರಿಕೆಟ್ ಬಂಧುಗಳಿಗೂ ತಿಳಿಸಬಯಸುತ್ತೇನೆ.

ಹಿಂದೆ ಪ್ರವಾಸವೆಂದರೆ ಮೈಸೂರು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಮಂಗಳೂರಿನಂಥ ಊರಿನ ಒಂದು ಕ್ಲಬ್ಬಿಗೆ ಪತ್ರ ಬರೆದು, ಅವರು ಬನ್ನಿ ಎಂದ ಮೇಲೆ ಹೊರಡುವುದಾಗಿತ್ತು. ಈಗ ಹಲವು ಕ್ಲಬ್‌ಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಮೊಬೈಲಿನಲ್ಲಿ ರೆಸಾರ್ಟ್ ಹುಡುಕುತ್ತಾರೆ, ಅದಕ್ಕೆ ಹತ್ತಿರದಲ್ಲಿ ಬಾಡಿಗೆಗೆ ಸಿಗುವ ಮೈದಾನ ಗೊತ್ತುಮಾಡುತ್ತಾರೆ, ಎದುರಾಳಿ ಯಾರೆಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಎಷ್ಟೋ ಬಾರಿ ಹೋದವರೇ ಎರಡು ಪಾಲಾಗಿ ತಮ್ಮತಮ್ಮಲ್ಲೇ ಆಡಿ ಹಿಂದಿರುಗುತ್ತಾರೆ. ಗೆಳೆಯರು ಕೂಡಿ ಎರಡು ದಿನ ಕಳೆಯುವುದನ್ನು ನಾನು ಆಕ್ಷೇಪಿಸುವುದಿಲ್ಲ, ಅದೂ ಬೇಕಾದದ್ದೇ. ಆದರೆ ಅದನ್ನು ಕ್ರಿಕೆಟ್ ಕ್ಲಬ್ಬಿನ ಪ್ರವಾಸ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರವಾಸಕ್ಕೆ ಆತಿಥೇಯ ತಂಡವೊಂದು ಇರಲೇಬೇಕು. ಊರು, ದಿನಾಂಕ, ವಾಹನ, ವಸತಿ ಎಲ್ಲವೂ ಆ ತಂಡ ಸಿಕ್ಕ ಮೇಲೆಯೇ ತೀರ್ಮಾನವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ಆಟದಲ್ಲೇ ಇದೆ. ವರ್ಷವಿಡೀ ಒಂದೇ ಮೈದಾನದಲ್ಲಿ, ಒಂದೇ ಬಗೆಯ ಪಿಚ್ಚಿನ ಮೇಲೆ, ಮುಖ ನೋಡಿದೊಡನೆ ಯಾವ ಚೆಂಡು ಬರುತ್ತದೆಂದು ಹೇಳಬಲ್ಲ ಅದೇ ಬೌಲರುಗಳನ್ನು ಎದುರಿಸುವ ಬ್ಯಾಟ್ಸ್‌ಮನ್, ಗುರುತು ಪರಿಚಯವಿಲ್ಲದ ಎಡಗೈ ಸ್ಪಿನ್ನರನ ಮುಂದೆ ನಿಂತಾಗಲೇ ತನ್ನ ಆಟವೆಷ್ಟೆಂದು ಅರಿಯುತ್ತಾನೆ. ಜಿಲ್ಲೆಗಳ ಆಟ ಬೆಂಗಳೂರಿನ ಆಟಕ್ಕಿಂತ ಕೆಳಮಟ್ಟದ್ದೆಂಬ ಭಾವನೆ ನಮ್ಮ ನಗರದಲ್ಲಿ ಆಗಾಗ ಕಾಣುತ್ತದೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್, ಮೈಸೂರಿನ ಜಾವಗಲ್ ಶ್ರೀನಾಥ್, ಗದಗಿನ ಸುನೀಲ್ ಜೋಶಿ ಭಾರತಕ್ಕೆ ಆಡಿದ ಮೇಲೆ, ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದ ಮೇಲೆ ಆ ಭಾವನೆಗೆ ಯಾವ ಆಧಾರವೂ ಉಳಿದಿಲ್ಲ. ಅಷ್ಟು ದೊಡ್ಡ ಹೆಸರುಗಳನ್ನು ಬಿಟ್ಟು ನಮ್ಮ ಮಟ್ಟದ ಆಟವನ್ನೇ ನೋಡಿದರೂ, ಜಿಲ್ಲಾ ಕೇಂದ್ರಗಳಲ್ಲಿ ಭಾನುವಾರ ಆಡುವ ಮಾಸ್ತರು, ವಕೀಲರು, ಅಡಿಕೆ ವ್ಯಾಪಾರಿಗಳ ತಂಡಗಳು ನಮ್ಮನ್ನು ಸೋಲಿಸಿದ ಪಂದ್ಯಗಳಿಗೆ ಕೊರತೆಯಿಲ್ಲ.

ಪ್ರವಾಸದಿಂದ ಆಟಗಾರ ಬೆಳೆಯುವ ಮಾತಿಗೆ ಕ್ರಿಕೆಟ್ ಇತಿಹಾಸದಲ್ಲೇ ನಮ್ಮ ನೆಲದ ಉದಾಹರಣೆಯಿದೆ. 1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ತಂಡ ಬಹಳಷ್ಟು ಪಂದ್ಯಗಳನ್ನು ಸೋತರೂ, ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದು ಅಲ್ಲಿನವರ ಮೆಚ್ಚುಗೆ ಗಳಿಸಿದರು. ಪುಣೆಯಲ್ಲಿ ಸಹ ಆಟಗಾರರೊಂದಿಗೆ ಕುಳಿತು ಊಟಮಾಡಲೂ ಅವಕಾಶವಿಲ್ಲದಂಥ ಜಾತಿಭೇದವನ್ನು ಉಂಡಿದ್ದ ಆ ಬೌಲರಿಗೆ ಪರದೇಶದ ಮೈದಾನಗಳು ಕೊಟ್ಟ ಮನ್ನಣೆ ಸಣ್ಣದಲ್ಲ. ಆ ಪ್ರವಾಸಕ್ಕೆ ಮೊದಲು ನಡೆದ ಪ್ರಯತ್ನಗಳು ತಂಡದಲ್ಲಿ ಯಾರಿರಬೇಕೆಂಬ ತಕರಾರಿನಲ್ಲಿ ಮುರಿದುಬಿದ್ದಿದ್ದವು ಎಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಇಂದಿಗೂ ಸಣ್ಣ ಕ್ಲಬ್ಬಿನ ಪ್ರವಾಸ ಕೆಡುವುದು ಹೆಚ್ಚಾಗಿ ಅದೇ ತಕರಾರಿನಿಂದ.

ಇನ್ನು ಆತಿಥೇಯ ತಂಡವನ್ನು ಹುಡುಕುವ ಬಗೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಬೆಂಗಳೂರಿನ ಹೊರಗೆ ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು ಎಂಬ ವಲಯಗಳನ್ನು ಹೊಂದಿದ್ದು, ಆಯಾ ವಲಯದ ಸಂಚಾಲಕರಿಗೆ ತಮ್ಮ ಸೀಮೆಯ ಕ್ಲಬ್‌ಗಳ ಪರಿಚಯ ಚೆನ್ನಾಗಿರುತ್ತದೆ. ಅದಕ್ಕಿಂತ ಸುಲಭದ ದಾರಿ ನಮ್ಮ ಸದಸ್ಯರೇ. ಬೆಂಗಳೂರಿನ ಯಾವ ಕ್ಲಬ್ಬಿನಲ್ಲಾದರೂ ಹಾಸನದವರು, ಸಾಗರದವರು, ಹಾವೇರಿಯವರು ಇದ್ದೇ ಇರುತ್ತಾರೆ. ಅವರ ಅಣ್ಣನೋ ಭಾವನೋ ಹಳೆಯ ಸಹಪಾಠಿಯೋ ಊರಿನ ತಂಡದಲ್ಲಿ ಆಡುತ್ತಿರುತ್ತಾರೆ. ಆದರೆ ಪರಿಚಯವಿದೆಯೆಂದು ಬಾಯಿಮಾತಿನಲ್ಲೇ ಎಲ್ಲವನ್ನೂ ಮುಗಿಸಬಾರದು. ಕ್ಲಬ್ಬಿನ ಹೆಸರಿನಲ್ಲಿ ಕಾರ್ಯದರ್ಶಿಯ ಸಹಿಯುಳ್ಳ ಒಂದು ಪತ್ರ, ಕನಿಷ್ಠ ಮೂರು ತಿಂಗಳು ಮೊದಲೇ, ಆ ಊರಿನ ಕ್ಲಬ್ಬಿಗೆ ಹೋಗಬೇಕು. ನಾವು ಎಷ್ಟು ಜನ ಬರುತ್ತೇವೆ, ನಮ್ಮ ಸರಾಸರಿ ವಯಸ್ಸೇನು, ಲೀಗ್ ಆಡುವವರು ಎಷ್ಟು ಮಂದಿ, ಬರೀ ಹವ್ಯಾಸಕ್ಕೆ ಆಡುವವರು ಎಷ್ಟು ಮಂದಿ, ಎಷ್ಟು ಓವರಿನ ಪಂದ್ಯ ಬಯಸುತ್ತೇವೆ ಎಂಬುದೆಲ್ಲ ಅದರಲ್ಲಿ ಮುಚ್ಚುಮರೆಯಿಲ್ಲದೆ ಇರಬೇಕು. ತಂಡದ ಬಲವನ್ನು ಇದ್ದದ್ದು ಇದ್ದಹಾಗೆ ಹೇಳಿದರೆ ಅವರೂ ಸರಿಸಮನಾದ ಹನ್ನೊಂದು ಜನರನ್ನು ನಿಲ್ಲಿಸುತ್ತಾರೆ. ಹಾಗೆ ಹೇಳದೆ ಹೋದ ಕಡೆ ಒಂದು ತಂಡ ಐವತ್ತು ರನ್ನಿಗೆ ಉರುಳಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಪಂದ್ಯ ಮುಗಿದು, ಎರಡೂ ಕಡೆಯವರಿಗೆ ದಿನ ವ್ಯರ್ಥವಾಗುತ್ತದೆ.

ಪತ್ರದಲ್ಲಿ ಕೇಳಲೇಬೇಕಾದ ಇನ್ನೊಂದು ವಿಷಯ ಪಿಚ್ಚು ಮತ್ತು ಚೆಂಡಿನದು. ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಟೆನಿಸ್ ಬಾಲ್ ತಂಡಗಳೇ ಹೆಚ್ಚು. ಲೆದರ್ ಬಾಲ್ ಆಡುವ ತಂಡ ಇದ್ದರೂ ಪಿಚ್ಚು ಟರ್ಫ್, ಅಂದರೆ ಹುಲ್ಲು ಬೆಳೆಸಿ ರೋಲರ್ ಹೊಡೆದ ನೆಲ, ಆಗಿರಬೇಕೆಂದೇನೂ ಇಲ್ಲ; ಮಣ್ಣಿನ ಮೇಲೆ ಚಾಪೆ ಹಾಸಿದ ಮ್ಯಾಟಿಂಗ್ ಪಿಚ್ಚೂ ಇರಬಹುದು. ಒಮ್ಮೆ ಉತ್ತರ ಕರ್ನಾಟಕದ ಒಂದು ಕ್ಲಬ್ಬಿನ ಹಿರಿಯರಿಗೆ ಫೋನ್ ಮಾಡಿದಾಗ ಅವರು ಹೇಳಿದ ಮಾತು ಇದು: "ಬರ್ರಿ ಸರ, ಭಾಳ ಛಲೋ ಆತು. ಆದ್ರ ನಮ್ಮಲ್ಲಿ ಮ್ಯಾಟಿಂಗ್ ಐತ್ರಿ, ಟರ್ಫ್ ಇಲ್ಲ. ನಿಮ್ಮ ಹುಡುಗ್ರಿಗೆ ಸ್ಪೈಕ್ ಶೂ ತರಬ್ಯಾಡ ಅಂತ ಹೇಳ್ರಿ." ಆ ಕೊನೆಯ ಮಾತು ಬಲು ಮುಖ್ಯವಾದದ್ದು. ಕಬ್ಬಿಣದ ಮೊಳೆಯ ಬೂಟು ಹಾಕಿಕೊಂಡು ಮ್ಯಾಟಿನ ಮೇಲೆ ಓಡಿದರೆ ನಾರು ಹರಿದುಹೋಗುತ್ತದೆ, ಒಂದು ಸಣ್ಣ ಕ್ಲಬ್ಬಿಗೆ ಹೊಸ ಮ್ಯಾಟು ಕೊಳ್ಳುವುದು ವರ್ಷದ ದೊಡ್ಡ ಖರ್ಚು. ರಬ್ಬರ್ ಅಟ್ಟೆಯ ಬೂಟನ್ನು ಎಲ್ಲರೂ ತರಬೇಕೆಂಬ ಸೂಚನೆ ಹೊರಡುವ ವಾರಕ್ಕೆ ಮೊದಲೇ ಪ್ರತಿಯೊಬ್ಬ ಆಟಗಾರನಿಗೂ ತಲುಪಿರಬೇಕು.

ಮ್ಯಾಟಿಂಗ್ ಪಿಚ್ಚನ್ನು ಹತ್ತಿರದಿಂದ ನೋಡದ ಬೆಂಗಳೂರಿನ ಹೊಸ ತಲೆಮಾರಿನವರಿಗಾಗಿ ಅದರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಬರೆಯುತ್ತೇನೆ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಮೈದಾನದ ಮಾಲಿ ಕೆಂಪು ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಅದು ತುಸು ಒಣಗಿದ ಮೇಲೆ ತೆಂಗಿನ ನಾರಿನ ಚಾಪೆಯನ್ನು ಉರುಳಿಸುತ್ತಾ ಬಿಡಿಸುತ್ತಾನೆ. ಅದರ ಎರಡೂ ಅಂಚುಗಳನ್ನು ಏಳೆಂಟು ಜನ ಹಿಡಿದು ಬಿಗಿಯಾಗಿ ಜಗ್ಗಬೇಕು. ಜಗ್ಗಿ ಹಿಡಿದಂತೆಯೇ ಮಾಲಿ ಒಂದೊಂದಾಗಿ ದಪ್ಪ ಮೊಳೆಗಳನ್ನು ಸುತ್ತಿಗೆಯಿಂದ ಹೊಡೆಯುತ್ತಾ ಹೋಗುತ್ತಾನೆ. ಎಲ್ಲಾದರೂ ಸುಕ್ಕು ಉಳಿದರೆ ಮತ್ತೆ ಕಿತ್ತು ಜಗ್ಗಬೇಕಾಗುತ್ತದೆ. ಚಾಪೆ ಬಿಗಿಯಾಗಿದ್ದಷ್ಟೂ ಚೆಂಡು ವೇಗವಾಗಿ ಎತ್ತರಕ್ಕೆ ಪುಟಿಯುತ್ತದೆ, ಸಡಿಲವಾಗಿದ್ದರೆ ನಿಧಾನವಾಗಿ ಬಂದು ಹೆಚ್ಚು ತಿರುಗುತ್ತದೆ. ನಮ್ಮ ತಂಡದ ಯುವಕರು ಆತಿಥೇಯರ ಜೊತೆ ಸೇರಿ ಅಂಚು ಹಿಡಿದು ಜಗ್ಗಿದ ಒಂದು ಬೆಳಿಗ್ಗೆ, ಆರಂಭಿಕ ಆಟಗಾರನೊಬ್ಬ ಮಾಲಿಯನ್ನು ಪಕ್ಕಕ್ಕೆ ಕರೆದು ಯಾವ ತುದಿಯಲ್ಲಿ ಚೆಂಡು ಹೆಚ್ಚು ಏಳುತ್ತದೆಂದು ವಿನಯದಿಂದ ಕೇಳಿದ. ಮಾಲಿ ಚಾಪೆಯ ಮೇಲೆ ಅಂಗೈಯಿಂದ ತಟ್ಟಿ, ಕೆಳಗಿನ ಮಣ್ಣು ಗಟ್ಟಿಯಾಗಿರುವ ಜಾಗವನ್ನು ತೋರಿಸಿಕೊಟ್ಟರು. ಅಂದು ಮುಂಗಾಲಿಗೆ ಬರುವ ಅಭ್ಯಾಸವಿದ್ದ ನಮ್ಮ ಬ್ಯಾಟ್ಸ್‌ಮನ್‌ಗಳು ಬೇಗ ಔಟಾದರು, ಆ ಹುಡುಗ ಮಾತ್ರ ಹಿಂಗಾಲಿನ ಮೇಲೆ ನಿಂತು ಊಟದವರೆಗೂ ಆಡಿದ. ಹಳೇ ಮೈಸೂರು ಸೀಮೆಯ ಕ್ರಿಕೆಟ್ ಬಹುಕಾಲ ಇಂಥ ಚಾಪೆಗಳ ಮೇಲೆಯೇ ನಡೆದದ್ದು. ಅಂಥ ಪಿಚ್ಚಿನ ಮೇಲೆ ಒಂದು ದಿನ ಆಡಿದರೆ ಸಿಗುವ ತಿಳಿವಳಿಕೆ ರೆಸಾರ್ಟಿನ ಅಂಗಳದಲ್ಲಿ ಸಿಗುವುದಿಲ್ಲ.

ದಿನಾಂಕದ ವಿಚಾರದಲ್ಲಿ ನನ್ನ ಸಲಹೆ ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ನಮ್ಮಲ್ಲಿ ಮದುವೆ ಮುಹೂರ್ತಗಳಿರುವುದಿಲ್ಲವಾದ್ದರಿಂದ ಯಾವ ಆಟಗಾರನೂ ಸೋದರತ್ತೆಯ ಮಗಳ ಮದುವೆಯೆಂದು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವಂತಿಲ್ಲ. ಅಷ್ಟೇ ಮುಖ್ಯವಾಗಿ, ಜಿಲ್ಲಾ ಕೇಂದ್ರಗಳ ಕಲ್ಯಾಣ ಮಂಟಪಗಳು ಆಗ ಖಾಲಿ ಇರುತ್ತವೆ. ಕೋಣೆಗಳು, ಸ್ನಾನಕ್ಕೆ ಬಿಸಿನೀರು, ಅಡುಗೆಮನೆ, ಬಸ್ಸು ನಿಲ್ಲಿಸಲು ಅಂಗಳ, ಕಿಟ್ ಬ್ಯಾಗುಗಳನ್ನು ಇಡಲು ಬೀಗವುಳ್ಳ ಕೊಠಡಿ, ಇವೆಲ್ಲವೂ ಹೋಟೆಲಿಗಿಂತ ಕಡಿಮೆ ಬಾಡಿಗೆಗೆ ಒಂದೇ ಕಡೆ ದೊರೆಯುತ್ತವೆ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಹೆಸರಿನ ಟೆನಿಸ್ ಬಾಲ್ ಟೂರ್ನಿಗಳು ಊರೂರಿನ ಮೈದಾನಗಳನ್ನು ಹಿಡಿದಿರುತ್ತವೆ. ಜನವರಿಯ ಮೂರನೇ ವಾರದಿಂದ ಜಿಲ್ಲಾ ಕ್ರೀಡಾಂಗಣಗಳು ಗಣರಾಜ್ಯೋತ್ಸವದ ಪಥಸಂಚಲನದ ತಾಲೀಮಿಗೆ ಹೋಗುತ್ತವೆ. ಕ್ರಿಸ್‌ಮಸ್ ರಜೆಯ ವಾರದಲ್ಲಿ ಶಾಲಾ ಪ್ರವಾಸಗಳಿಂದಾಗಿ ಬಸ್ಸುಗಳು ಸಿಗುವುದು ಕಷ್ಟ. ಹೀಗೆ ಒಂದೊಂದನ್ನೇ ಕಳೆಯುತ್ತಾ ಬಂದರೆ ಡಿಸೆಂಬರಿನ ಮೂರನೇ ವಾರಾಂತ್ಯ ಅಥವಾ ಜನವರಿಯ ಮೊದಲೆರಡು ವಾರಾಂತ್ಯಗಳು ಉಳಿಯುತ್ತವೆ. ಆತಿಥೇಯರಿಗೆ ಆ ಮೂರನ್ನೂ ಮುಂದಿಟ್ಟು, ಅವರಿಗೆ ಅನುಕೂಲವಾದುದನ್ನು ಆರಿಸಲು ಬಿಡುವುದು ಸೌಜನ್ಯ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹುಬ್ಬಳ್ಳಿ, ಧಾರವಾಡದ ಕಡೆಗೆ ರೈಲೇ ಉತ್ತಮ. ಆದರೆ 2024ರ ನವೆಂಬರಿನಿಂದ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ, ಒಂದು ಟಿಕೆಟ್ಟಿನಲ್ಲಿ ಆರು ಜನರಿಗಿಂತ ಹೆಚ್ಚು ಬುಕ್ ಮಾಡಲಾಗುವುದಿಲ್ಲ. ಆದ್ದರಿಂದ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಮೂವರು ಏಕಕಾಲಕ್ಕೆ ಕೂರಬೇಕಾಗುತ್ತದೆ. ಮೈಸೂರು, ಹಾಸನ, ಶಿವಮೊಗ್ಗಕ್ಕೆ ಟೆಂಪೊ ಟ್ರಾವೆಲರ್ ಸಾಕು, ಹಳದಿ ಫಲಕದ, ಪರವಾನಗಿಯುಳ್ಳ ವಾಹನವನ್ನೇ ಗೊತ್ತುಮಾಡಬೇಕು. ಸಾರಿಗೆ ನಿಗಮದವರೂ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ ಕೊಡುತ್ತಾರೆ. ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವನಲ್ಲ: ಎರಡನೆಯ ಪಂದ್ಯ ಮುಗಿದ ರಾತ್ರಿಯೇ ಹೊರಟು ಸೋಮವಾರ ಬೆಳಿಗ್ಗೆ ಕಚೇರಿಗೆ ಹಾಜರಾಗುವ ಯೋಜನೆ ಬೇಡ. ದಿನವಿಡೀ ಬಿಸಿಲಿನಲ್ಲಿ ನಿಂತವರೊಬ್ಬರೂ ಚಾಲಕನನ್ನು ಎಚ್ಚರವಿಟ್ಟು ಮಾತನಾಡಿಸುವ ಸ್ಥಿತಿಯಲ್ಲಿರುವುದಿಲ್ಲ. ಪಂದ್ಯಗಳನ್ನು ಶುಕ್ರವಾರ, ಶನಿವಾರ ಇಟ್ಟುಕೊಂಡು ಭಾನುವಾರ ಹಗಲಿನಲ್ಲಿ ಹಿಂದಿರುಗುವುದು ಕ್ಷೇಮ. ಒಂದು ದಿನದ ರಜೆ ಖರ್ಚಾದರೆ ಆಗಲಿ.

ಹಣದ ಮಾತಿಗೆ ಬಂದರೆ, ಎಲ್ಲರೂ ಸಮಾನವಾಗಿ ಹಂಚಿಕೊಳ್ಳುವುದು ನ್ಯಾಯವೆಂದು ಕಂಡರೂ ಅದು ನ್ಯಾಯವಲ್ಲ. ಕ್ಲಬ್ಬಿನಲ್ಲಿ ಕಾಲೇಜು ಓದುವ ಹುಡುಗರಿರುತ್ತಾರೆ, ಡೆಲಿವರಿ ಕೆಲಸ ಮಾಡುತ್ತಾ ಭಾನುವಾರ ರಜೆ ಹಾಕಿದರೆ ಆ ದಿನದ ಸಂಪಾದನೆ ಕಳೆದುಕೊಳ್ಳುವವರಿರುತ್ತಾರೆ. ನಮ್ಮಲ್ಲಿ ಸಂಬಳದಾರರು ಪೂರ್ತಿ ಪಾಲು, ವಿದ್ಯಾರ್ಥಿಗಳು ಅರ್ಧ ಪಾಲು ಕೊಡುವ ಪದ್ಧತಿಯಿದೆ. ಅದಕ್ಕೂ ಆಗದವರ ಪಾಲನ್ನು ಹಿರಿಯ ಸದಸ್ಯರು ತುಂಬುತ್ತಾರೆ, ಯಾರದು ಯಾರು ತುಂಬಿದರೆಂಬುದು ಖಜಾಂಚಿಯ ಹೊರತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬರುತ್ತೇನೆಂದವರಿಂದ ಮುಂಗಡ ಹಣವನ್ನು ಒಂದು ತಿಂಗಳು ಮೊದಲೇ ಪಡೆಯುವುದು ಅಗತ್ಯ. ಹಣ ಕೊಡದ ಒಪ್ಪಿಗೆಯನ್ನು ನಂಬಿ ಹೊರಟರೆ ಹದಿನಾರು ಜನರ ಪಟ್ಟಿ ಬಸ್ ಹೊರಡುವ ಹೊತ್ತಿಗೆ ಹತ್ತಕ್ಕೆ ಇಳಿದಿರುತ್ತದೆ, ಆತಿಥೇಯರಿಗೆ ಅದಕ್ಕಿಂತ ದೊಡ್ಡ ಅಗೌರವವಿಲ್ಲ. ಇಷ್ಟೇ ಗಟ್ಟಿಯಾಗಿ ಪಾಲಿಸಬೇಕಾದ ಇನ್ನೊಂದು ನಿಯಮ, ಪಾಲು ಕೊಟ್ಟು ಬಂದ ಪ್ರತಿಯೊಬ್ಬನಿಗೂ ಕನಿಷ್ಠ ಒಂದು ಪಂದ್ಯದಲ್ಲಿ ಸ್ಥಾನ. ಎರಡೂ ಪಂದ್ಯ ಗೆಲ್ಲಲೇಬೇಕೆಂದು ನಾಯಕ ಅದೇ ಹನ್ನೊಂದು ಜನರನ್ನು ಆಡಿಸಿದರೆ, ನೀರು ಹೊತ್ತು ತಂದ ಐದು ಜನ ಮುಂದಿನ ವರ್ಷ ಕ್ಲಬ್ಬಿನಲ್ಲೇ ಉಳಿಯುವುದಿಲ್ಲ. ಹೊರಡುವ ಮೊದಲೇ ಎರಡೂ ಪಂದ್ಯಗಳ ತಂಡವನ್ನು ಬರೆದು ಗುಂಪಿನಲ್ಲಿ ಹಾಕಿಬಿಟ್ಟರೆ ಮೈದಾನದಲ್ಲಿ ಮುಖ ಸಿಂಡರಿಸುವ ಪ್ರಸಂಗ ಬರುವುದಿಲ್ಲ.

ಪಂದ್ಯದ ದಿನದ ಲೆಕ್ಕಾಚಾರವೂ ಮೊದಲೇ ಆಗಿರಬೇಕು. ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮಲೆನಾಡಿನ ಅಂಚಿನ ಊರುಗಳಲ್ಲಿ ಬೆಳಗಿನ ಮಂಜು ಹರಿಯಲು ಒಂಬತ್ತು ಗಂಟೆಯಾಗುತ್ತದೆ. ಗಂಟೆಗೆ ಹದಿನಾಲ್ಕು ಓವರಿನಂತೆ ತಲಾ 40 ಓವರಿನ ಪಂದ್ಯಕ್ಕೆ ಆರು ಗಂಟೆಯ ಸಮೀಪ ಬೇಕು, ಊಟಕ್ಕೆ ಮುಕ್ಕಾಲು ಗಂಟೆ ಸೇರಿಸಿದರೆ ಒಂಬತ್ತೂವರೆಗೆ ಆರಂಭವಾದ ಆಟ ನಾಲ್ಕೂಕಾಲಿನ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಎರಡೂ ತಂಡಗಳು ಕೂತು ಚಹಾ ಕುಡಿಯಲು ಬೆಳಕು ಉಳಿದಿರುತ್ತದೆ. ಇದಕ್ಕಿಂತ ತಡವಾಗಿ ಶುರುಮಾಡಿ ಮಸಕು ಬೆಳಕಿನಲ್ಲಿ ಕೊನೆಯ ಓವರುಗಳನ್ನು ಆಡಿಸುವುದು ಅಪಾಯ. ಇಬ್ಬರು ಅಂಪೈರುಗಳ ಸಂಭಾವನೆಯನ್ನು ಎರಡೂ ತಂಡಗಳು ಹಂಚಿಕೊಳ್ಳಬೇಕು. ಬ್ಯಾಟಿಂಗ್ ತಂಡದವರೇ ಅಂಪೈರಾಗಿ ನಿಲ್ಲುವ ವಾಡಿಕೆಯನ್ನು ಪ್ರವಾಸದಲ್ಲಿ ಬಿಟ್ಟುಬಿಡುವುದು ಒಳ್ಳೆಯದು, ಒಂದು ಎಲ್‌ಬಿಡಬ್ಲ್ಯು ತೀರ್ಪಿನಿಂದ ಎರಡು ಊರುಗಳ ನಡುವೆ ಮನಸ್ತಾಪ ಬರಬಾರದು. ಮೊಬೈಲ್ ಆ್ಯಪಿನಲ್ಲಿ ಸ್ಕೋರು ಬರೆಯುವುದು ಈಗ ರೂಢಿಯಾಗಿದ್ದರೂ ಸ್ಕೋರ್ ಪುಸ್ತಕವೊಂದನ್ನು ಕೊಂಡೊಯ್ದು, ಪಂದ್ಯ ಮುಗಿದ ಮೇಲೆ ಇಬ್ಬರು ನಾಯಕರೂ ಅದಕ್ಕೆ ಸಹಿ ಹಾಕುವ ಹಳೆಯ ಪದ್ಧತಿಯನ್ನು ನಾವು ಉಳಿಸಿಕೊಂಡಿದ್ದೇವೆ. ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಯಾವ ವಾಹನ ಹೋಗುತ್ತದೆ ಎಂಬುದು ಟಾಸ್‌ಗೆ ಮೊದಲೇ ಇಬ್ಬರು ನಾಯಕರಿಗೂ ಗೊತ್ತಿರಬೇಕು.

ಊಟದ ಏರ್ಪಾಡನ್ನು ಆತಿಥೇಯರಿಗೆ ಬಿಟ್ಟು ಖರ್ಚನ್ನು ನಾವು ಕೊಡುವುದು ಸರಿ. ಹಲವು ಊರುಗಳಲ್ಲಿ ಅವರು ಹಣ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಮನೆಗಳಿಂದ ಕಟ್ಟಿಸಿಕೊಂಡು ಬಂದು ಮೈದಾನದ ಪಕ್ಕದ ಬೇವಿನ ಮರದ ಕೆಳಗೆ ನಮಗೆ ಬಡಿಸಿದವರಿಗೆ ಹಣ ಕೊಡಲು ಹೋದರೆ ಅವರು ನೊಂದುಕೊಳ್ಳುತ್ತಾರೆ. ಅಂಥಲ್ಲಿ ನಾವು ಒಂದು ಪೆಟ್ಟಿಗೆ ಹೊಸ ಚೆಂಡು, ಹುಡುಗರಿಗೆ ಬಳಸಬಹುದಾದ ಹೆಲ್ಮೆಟ್ಟು, ಪ್ಯಾಡುಗಳನ್ನು ಕ್ಲಬ್ಬಿಗೆ ಕೊಟ್ಟು ಬಂದಿದ್ದೇವೆ. ಅದನ್ನು ಯಾವ ಊರಿನವರೂ ಬೇಡವೆಂದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೊಂದಿದೆ. ಒಂದು ಊರಿನವರು ನಮ್ಮನ್ನು ಕರೆದು ಆಡಿಸಿದ ಮೇಲೆ ಮರುವರ್ಷ ಅವರನ್ನು ಬೆಂಗಳೂರಿಗೆ ಕರೆಸುವುದು ನಮ್ಮ ಹೊಣೆ. ಬೀಗರ ಮನೆಗೆ ಹೋಗಿ ಉಂಡುಬಂದವರು ಅವರನ್ನು ತಿರುಗಿ ಕರೆಯದೆ ಇದ್ದರೆ ಹೇಗೋ ಇದೂ ಹಾಗೆಯೇ. ಈ ಮಾತಿನಲ್ಲಿ ಬೆಂಗಳೂರಿನ ಕ್ಲಬ್‌ಗಳು ಹಿಂದೆ ಬಿದ್ದಿವೆ ಎಂಬುದನ್ನು ಖೇದದಿಂದ ಹೇಳಬೇಕಾಗಿದೆ. ಕರೆಯುವ ಮನಸ್ಸಿಲ್ಲವೆಂದಲ್ಲ. ಇಲ್ಲಿ ಶನಿವಾರ ಭಾನುವಾರಗಳಲ್ಲಿ ಒಳ್ಳೆಯ ಲೆದರ್ ಬಾಲ್ ಮೈದಾನವೊಂದನ್ನು ಇಡೀ ದಿನಕ್ಕೆ ಬಾಡಿಗೆಗೆ ಪಡೆಯುವುದು ಸಣ್ಣ ಕ್ಲಬ್ಬಿನ ಕೈಮೀರುತ್ತಿದೆ. ನಗರದ ಹೊರವಲಯದ ಖಾಸಗಿ ಮೈದಾನಗಳು ದಿನವನ್ನು ಎರಡು ಮೂರು ಪಾಳಿಗಳಾಗಿ ಒಡೆದು ಕೊಡುತ್ತವೆ, ಕಂಪನಿಗಳ ಟೂರ್ನಿಗಳವರು ತಿಂಗಳುಗಟ್ಟಲೆ ಮುಂಚೆಯೇ ಹಿಡಿದಿಟ್ಟಿರುತ್ತಾರೆ. ನಗರದೊಳಗಿನ ಮೈದಾನಗಳಲ್ಲಿ ಒಂದೇ ಹೊತ್ತಿಗೆ ಐದಾರು ಆಟಗಳು ನಡೆಯುತ್ತಿರುತ್ತವೆ, ಅಲ್ಲಿ ಗಟ್ಟಿ ಚೆಂಡಿನ ಪಂದ್ಯ ಆಡಿಸುವುದು ಮಕ್ಕಳಿಗೆ ಅಪಾಯ. ದಾವಣಗೆರೆಯಿಂದಲೋ ಧಾರವಾಡದಿಂದಲೋ ರಾತ್ರಿಯಿಡೀ ಪ್ರಯಾಣಮಾಡಿ ಬಂದ ತಂಡಕ್ಕೆ ಮೂರು ಗಂಟೆಯ ಪಾಳಿಯಲ್ಲಿ ಇಪ್ಪತ್ತು ಓವರ್ ಆಡಿಸಿ ಕಳುಹಿಸುವುದು ಅವರು ನಮಗೆ ಕೊಟ್ಟ ಆತಿಥ್ಯಕ್ಕೆ ತಕ್ಕದ್ದಲ್ಲ.

ಇದಕ್ಕೆ ಪರಿಹಾರ ಕ್ಲಬ್‌ಗಳ ಕೈಯಲ್ಲೇ ಸ್ವಲ್ಪಮಟ್ಟಿಗೆ ಇದೆ. ಒಂದೇ ಬಡಾವಣೆಯ ಮೂರು ನಾಲ್ಕು ಕ್ಲಬ್‌ಗಳು ಸೇರಿ ವರ್ಷಕ್ಕೆ ನಾಲ್ಕು ಶನಿವಾರಗಳ ಮಟ್ಟಿಗೆ ಒಂದು ಮೈದಾನವನ್ನು ಒಟ್ಟಾಗಿ ಗೊತ್ತುಮಾಡಿಕೊಂಡು, ಪ್ರತಿಯೊಂದು ಕ್ಲಬ್ ಒಂದೊಂದು ಜಿಲ್ಲೆಯ ತಂಡವನ್ನು ಕರೆಸಬಹುದು. ಬಂದ ತಂಡಕ್ಕೆ ಒಂದರ ಬದಲು ಎರಡು ಕ್ಲಬ್‌ಗಳೊಡನೆ ಆಡುವ ಅವಕಾಶವೂ ಸಿಗುತ್ತದೆ, ವಸತಿಯ ಖರ್ಚೂ ಹಂಚಿಹೋಗುತ್ತದೆ. ವಾರಾಂತ್ಯದಲ್ಲಿ ಖಾಲಿ ಇರುವ ಕಾಲೇಜು ಮೈದಾನಗಳ ಆಡಳಿತದವರು ಇಂಥ ಪಂದ್ಯಗಳಿಗೆ ನಿರ್ವಹಣಾ ವೆಚ್ಚವನ್ನಷ್ಟೇ ಪಡೆದು ಜಾಗ ಕೊಟ್ಟರೆ, ಅವರ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರನ್ನು ತಂಡಕ್ಕೆ ಸೇರಿಸಿಕೊಳ್ಳಲು ಯಾವ ಕ್ಲಬ್ಬೂ ಹಿಂಜರಿಯುವುದಿಲ್ಲ.

ಸರ್ಕಾರಿ ಮತ್ತು ಸಂಸ್ಥೆಗಳ ಮೈದಾನಗಳ ವಿಷಯದಲ್ಲಿ ಒಂದು ಬೇಡಿಕೆಯೂ ಇದೆ. ಒಂದು ಜಿಲ್ಲಾ ಕೇಂದ್ರದಲ್ಲಿ ಆತಿಥೇಯ ಕ್ಲಬ್ ಎರಡು ತಿಂಗಳು ಮೊದಲೇ ಅರ್ಜಿ ಕೊಟ್ಟು ಶುಲ್ಕ ಕಟ್ಟಿದ್ದರೂ, ನಾವು ಮೈದಾನಕ್ಕೆ ಬಂದು ನಿಂತಾಗ ಅಲ್ಲಿ ಶಾಮಿಯಾನ ಹಾಕುತ್ತಿದ್ದರು. ಹಿಂದಿನ ಸಂಜೆ ಬೇರೊಂದು ಸಮಾರಂಭಕ್ಕೆ ಮೈದಾನ ಕೊಟ್ಟಾಗಿತ್ತು. ನಮಗಾದ ನಷ್ಟಕ್ಕಿಂತ, ತಲೆ ತಗ್ಗಿಸಿ ನಿಂತ ಆ ಊರಿನ ಕಾರ್ಯದರ್ಶಿಗಳನ್ನು ನೋಡಿ ಬಹಳ ಬೇಸರವಾಯಿತು. ಮೈದಾನ ಯಾರ ವಶದಲ್ಲಿದ್ದರೂ ಬುಕಿಂಗ್ ಆದ ದಿನಗಳ ಪಟ್ಟಿ ಕಚೇರಿಯ ಫಲಕದಲ್ಲೋ ಜಾಲತಾಣದಲ್ಲೋ ಎಲ್ಲರಿಗೂ ಕಾಣುವಂತಿರಬೇಕು, ಶುಲ್ಕವೆಷ್ಟೆಂಬುದು ಬರೆದಿರಬೇಕು, ತುರ್ತು ಕಾರಣಕ್ಕೆ ರದ್ದುಮಾಡುವುದಾದರೆ ಕನಿಷ್ಠ ಒಂದು ವಾರ ಮೊದಲೇ ತಿಳಿಸಿ ಹಣ ಹಿಂದಿರುಗಿಸಬೇಕು. ಜೊತೆಗೆ ಚಿಲಕವಿರುವ ಬಟ್ಟೆ ಬದಲಿಸುವ ಕೋಣೆ, ನೀರಿರುವ ಶೌಚಾಲಯಗಳು ತೆರೆದಿರುವಂತೆ ನೋಡಿಕೊಳ್ಳಬೇಕು. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿ ನಮ್ಮ ಬೆಂಗಳೂರಿನವರು. ಇಂದು ಹೆಣ್ಣುಮಕ್ಕಳ ಕ್ಲಬ್ ತಂಡಗಳೂ ಪ್ರವಾಸ ಹೊರಡಲು ಸಿದ್ಧವಾಗಿರುವಾಗ ಅವರ ದಾರಿಗೆ ಅಡ್ಡವಾಗಿರುವುದು ಹೆಚ್ಚಾಗಿ ಈ ಸಣ್ಣ ಅನುಕೂಲಗಳ ಕೊರತೆಯೇ.

ಕೊನೆಯದಾಗಿ ನಿಮ್ಮ ಪತ್ರಿಕೆಗೆ ಒಂದು ವಿನಂತಿ. ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನಿಮ್ಮ ಜಿಲ್ಲಾ ಆವೃತ್ತಿಗಳ ಕ್ರೀಡಾ ಪುಟದಲ್ಲಿ ಒಂದು ಸಣ್ಣ ಅಂಕಣವನ್ನು ಮೀಸಲಿಟ್ಟು, ಲೆದರ್ ಬಾಲ್ ಆಡುವ ಹವ್ಯಾಸಿ ಕ್ಲಬ್‌ಗಳ ಹೆಸರು, ಊರು, ಪಿಚ್ಚು ಟರ್ಫೋ ಮ್ಯಾಟಿಂಗೋ ಎಂಬುದು, ಪರಊರಿನ ತಂಡವನ್ನು ಕರೆಯಲು ಅವರಿಗೆ ಅನುಕೂಲವಾದ ವಾರಾಂತ್ಯಗಳು, ಇಷ್ಟನ್ನು ಪ್ರಕಟಿಸಿದರೆ ಬಹಳ ಉಪಕಾರವಾಗುತ್ತದೆ. ಬೆಂಗಳೂರಿನ ಕ್ಲಬ್‌ಗಳೂ ತಾವು ಮೈದಾನ ಗೊತ್ತುಮಾಡಿರುವ ದಿನಗಳನ್ನು ಅದೇ ಅಂಕಣಕ್ಕೆ ಕಳುಹಿಸಲಿ. ನಮ್ಮ ಕ್ಲಬ್ ಬರುವ ಧನುರ್ಮಾಸದಲ್ಲಿ ಪ್ರವಾಸ ಹೊರಡುವುದರ ಜೊತೆಗೆ, ಫೆಬ್ರುವರಿಯ ಮೊದಲ ಶನಿವಾರ ಹೊರಜಿಲ್ಲೆಯ ಒಂದು ತಂಡವನ್ನು ಪೂರ್ಣ ದಿನದ ಪಂದ್ಯಕ್ಕೆ ಬರಮಾಡಿಕೊಳ್ಳಲು ತೀರ್ಮಾನಿಸಿದೆ. ಹದಿನಾರು ಜನರ ವಸತಿ, ಊಟ, ಅಂಪೈರುಗಳ ಖರ್ಚು ನಮ್ಮದು. ಆಸಕ್ತಿಯುಳ್ಳ ಕ್ಲಬ್‌ಗಳು ಪತ್ರಿಕೆಯ ಮೂಲಕವೇ ತಿಳಿಸಿದರೆ ನಾವು ತಕ್ಷಣ ಉತ್ತರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹವ್ಯಾಸಿ ಕ್ರಿಕೆಟ್ ಕ್ಲಬ್ ಒಂದರ ಕಾರ್ಯದರ್ಶಿ,
ಬಸವನಗುಡಿ, ಬೆಂಗಳೂರು